ಒಲೆಯಜ್ಜಿಯ ಮನೆಗೆ ಹೋದ ಪಾಶಾ

"ನೀನು ಮನೇಲಿ ಇಲ್ಲದಾಗ ಈ ಮೀನು ಸಾಯಲ್ಲ ಕಂದಾ. ಇದು ನಿಮ್ಮಪ್ಪನ ಮಾತು."

ಹದಿಮೂರು ವರ್ಷಗಳ ಹಿಂದೆ ಕೋಲ್ಯೋ ದ್ರೆಂಕೋವ್ ತನ್ನ ಆರು ವರ್ಷದ ಮಗಳು ಕಾಲಿನಾಗೆ ಹೀಗೆ ಮಾತು ಕೊಟ್ಟಿದ್ದ. ಆಗ ಮಗಳು ಅಳುತ್ತಿದ್ದಳು, ಅಪ್ಪನಿಗೆ ಕಣ್ಣು ಎಳೆಯುತ್ತಿತ್ತು. ಅಂಥ ಗಳಿಗೆಯಲ್ಲಿ ತಂದೆಯಾದವನು ಚಂದ್ರನನ್ನು ಬೇಕಾದರೂ ಮಗುವಿನ ಹೆಸರಿಗೆ ಬರೆದುಕೊಟ್ಟುಬಿಡುತ್ತಾನೆ.

ಅಳುವಿಗೆ ಕಾರಣವಿತ್ತು. ಅದಕ್ಕೂ ಮುಂಚೆ ಮನೆಯಲ್ಲೊಂದು ಕೆಂಪು ಮೀನಿತ್ತು. ಕಾಲಿನಾ ಶಿಶುವಿಹಾರದಲ್ಲಿದ್ದ ಹೊತ್ತಿನಲ್ಲಿ ಅದು ಹೊಟ್ಟೆ ಮೇಲಾಗಿ ತೇಲಿತು. ಕೋಲ್ಯೋ ಅದನ್ನು ಕಕ್ಕಸಿಗೆ ಹಾಕಿ ನೀರು ಬಿಟ್ಟು, "ಅದು ಕಪ್ಪು ಸಮುದ್ರದಲ್ಲಿರೋ ಅವರಜ್ಜಿ ಮನೆಗೆ ಹೋಗಿದೆ" ಎಂದು ಮಗಳಿಗೆ ಹೇಳಿದ. ಮಗಳು ನಂಬಿದಳು. ನಂಬಿದ್ದೇ ತಾಪತ್ರಯವಾಯಿತು. ವಾರವಿಡೀ ಅವಳು ಕಕ್ಕಸಿನ ಮುಂದೆ ಮಣೆ ಹಾಕಿಕೊಂಡು ಕೂತು, ಬ್ರೆಡ್ಡಿನ ಚೂರು ಉದುರಿಸುತ್ತ ಮೀನನ್ನು ಹೆಸರು ಹಿಡಿದು ಕರೆದಳು. ಮನೆಯವರು ಒಳಗೆ ಹೋಗಬೇಕಾದರೆ ಅವಳ ಅಪ್ಪಣೆ ಬೇಕಾಗಿತ್ತು. ಕೊನೆಗೆ ಹೆಂಡತಿ ಗೆರ್ಗಾನಾ, "ಒಂದೋ ಹೊಸ ಮೀನು ತಾ, ಇಲ್ಲ ಹೊಸ ಮನೆ ನೋಡು" ಎಂದಳು.

ಹೊಸ ಮೀನು ಬಂತು. "ಇದು ಹೆಬ್ಬೆರಳಿಗಿಂತ ದೊಡ್ಡದಾಗಲ್ಲ ಸಾರ್, ಎರಡು ವರ್ಷ ಬದುಕಿದ್ರೆ ನಿಮ್ಮ ಪುಣ್ಯ" ಎಂದು ಅಂಗಡಿಯವನು ಹೇಳಿದ್ದ. ಆ ಪುಣ್ಯಾತ್ಮ ಒಂದೇ ಉಸಿರಿನಲ್ಲಿ ಎರಡು ಸುಳ್ಳು ಹೇಳಿದ್ದ. ಮೀನು ಊಟದ ತಟ್ಟೆಯಷ್ಟಾಯಿತು. ಕರಿಯ ಮೈಮೇಲೆ ಕೆಂಡದಂಥ ಮಚ್ಚೆ, ದಪ್ಪ ತುಟಿ, ಸುಂಕದ ಅಧಿಕಾರಿಯ ನೋಟ. ಅದಕ್ಕೆ ಪಾಶಾ ಎಂದು ಹೆಸರಾಯಿತು. ಪಾಶಾ ಕೈಯಿಂದ ತಿನ್ನುತ್ತಿತ್ತು, ಗುರುತು ಹಿಡಿಯುತ್ತಿತ್ತು, ಊಟ ತಡವಾದರೆ ಗೋಡೆಗೆ ಮುಖ ಹಾಕಿ ಮುನಿಸಿಕೊಳ್ಳುತ್ತಿತ್ತು. ಬಿಸಿಲು ನಾಡಿನ ನದಿಯ ಜಾತಿಯಾದ್ದರಿಂದ ನೀರು ಸದಾ ಉಗುರು ಬೆಚ್ಚಗಿರಬೇಕಿತ್ತು. ಕಾಲಿನಾ ದೊಡ್ಡವಳಾಗಿ ವಾರ್ನಾ ಪಟ್ಟಣಕ್ಕೆ, ಸಾಕ್ಷಾತ್ ಕಪ್ಪು ಸಮುದ್ರದ ದಡಕ್ಕೇ, ನರ್ಸಿಂಗ್ ಓದಲು ಹೋದಳು. ಹೋಗುವಾಗ ಅಪ್ಪನಿಗೆ ಮುತ್ತು ಕೊಟ್ಟು, ಪಾಶಾನ ಕಡೆ ಬೊಟ್ಟು ಮಾಡಿ, "ಮಾತು ನೆನಪಿದೆ ತಾನೇ?" ಎಂದಿದ್ದಳು. ಕೋಲ್ಯೋ ನಕ್ಕಿದ್ದ. ಅವಳು ನಕ್ಕಿರಲಿಲ್ಲ.

ಕೋಲ್ಯೋ ಪೆರ್ನಿಕ್ ಊರಿನ ಬಸ್ ಡಿಪೋದಲ್ಲಿ ವೇಳಾಪಟ್ಟಿ ಗುಮಾಸ್ತ. ಬಸ್ಸುಗಳು ಯಾವಾಗ ಬರಬೇಕು ಎಂದು ಬರೆಯುವುದು ಅವನ ಕೆಲಸ, ಅವು ಬರುವುದು ಬಿಡುವುದು ಅವುಗಳಿಗೆ ಬಿಟ್ಟದ್ದು. ಪೆರ್ನಿಕ್ ಎಂದರೆ ಕಲ್ಲಿದ್ದಲಿನ ಊರು. ಕೋಲ್ಯೋನ ತಂದೆ ಗಣಿಯಲ್ಲಿ ದುಡಿದೇ ಇವನನ್ನು ಓದಿಸಿದ್ದು. ಅಂಥವನು ಈಚೆಗೆ ಕಲ್ಲಿದ್ದಲೆಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ಎಲ್ಲವೂ ಕರೆಂಟಿನದು. ಅಡುಗೆ ಒಲೆ ಕರೆಂಟಿನದು, ನೀರು ಕಾಯಿಸುವುದು ಕರೆಂಟಿನಿಂದ. ಅಕ್ವೇರಿಯಮ್ಮಿಗೆ ಹೀಟರು, ನೀರು ತಿರುಗಿಸುವ ಪಂಪು, ಗಂಟೆಗೆ ಸರಿಯಾಗಿ ಕಾಳು ಉದುರಿಸುವ ಡಬ್ಬಿ. ನವೆಂಬರಿನಲ್ಲಿ ಕಟ್ಟಡದ ನಿವಾಸಿಗಳ ಸಭೆ ನಡೆದಾಗ ಅವನು ಎದ್ದು ನಿಂತು ಭಾಷಣ ಬಿಗಿದಿದ್ದ:

"ಯಾವ ಕಾಲದಲ್ಲಿದ್ದೀವಿ ಸ್ವಾಮಿ ನಾವು? ಏಳನೇ ಮಹಡೀಲಿ ಕಲ್ಲಿದ್ದಲ ಒಲೆ! ಗೋಡೆ ತೂತು ಮಾಡಿ ಕೊಳವೆ ಬೇರೆ ಆಚೆ ಬಿಟ್ಟಿದ್ದಾರೆ. ನನ್ನ ಹೆಂಡ್ತಿ ಒಗೆದ ಬಟ್ಟೆ ಹಾಕಿದ್ರೆ ಸಂಜೆಗೆ ಮತ್ತೆ ಒಗೀಬೇಕು. ನಮ್ಮನೆ ನೋಡಿ, ನಮ್ಮ ಮೀನು ಕೂಡ ಕರೆಂಟಿನಲ್ಲೇ ಊಟ ಮಾಡುತ್ತೆ!"

ಚಪ್ಪಾಳೆ ಬಿತ್ತು. ಒಲೆ ಏಳನೇ ಮಹಡಿಯ ಮುದುಕಿಯದು. ಅವಳನ್ನು ಕಟ್ಟಡದವರೆಲ್ಲ ಒಲೆಯಜ್ಜಿ ಎಂದೇ ಕರೆಯುತ್ತಿದ್ದರು. ಹೊಸ ವರ್ಷದೊಳಗೆ ಒಲೆ ಕಿತ್ತುಹಾಕಬೇಕೆಂದು ಕಟ್ಟಡದ ಮೇಲ್ವಿಚಾರಕ ಸ್ತಾಮೆನೋವ್ ಮತಕ್ಕೆ ಹಾಕಿದಾಗ ಕೋಲ್ಯೋ ಉತ್ಸಾಹದಲ್ಲಿ ಎರಡೂ ಕೈ ಎತ್ತಿದ. "ಒಬ್ಬರಿಗೆ ಒಂದೇ ಕೈ" ಎಂದು ಸ್ತಾಮೆನೋವ್ ನಿಯಮ ಹೇಳಿ ಒಂದನ್ನು ಇಳಿಸಿದ. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಒಲೆಯಜ್ಜಿ ಹೆಣಿಗೆಯ ಕಡ್ಡಿಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು.

ದೇವರು ಇದನ್ನೆಲ್ಲ ನೋಡುತ್ತಿದ್ದ ಎಂದು ಹೇಳಲಾಗದು. ಆದರೆ ಸಂತ ನಿಕೋಲ ನೋಡುತ್ತಿದ್ದಿರಬೇಕು. ಯಾಕೆಂದರೆ ಡಿಸೆಂಬರಿನಲ್ಲಿ ಅವನ ಹಬ್ಬದ ದಿನವೇ, ಬೆಳಗಿನ ಜಾವ, ಒದ್ದೆ ಹಿಮ ಬಿದ್ದು ತಂತಿಗಳು ಹರಿದು ಕರೆಂಟು ಹೋಯಿತು.

ಸಂತ ನಿಕೋಲ ಮೀನುಗಾರರನ್ನೂ ನಾವಿಕರನ್ನೂ ಕಾಯುವವನು. ಅಂದು ಮನೆ ಮನೆಯಲ್ಲೂ ಗೆಂಡೆ ಮೀನು ಆಗಲೇಬೇಕು. ಹೊಟ್ಟೆಗೆ ಅಕ್ರೋಟು, ಈರುಳ್ಳಿ ತುಂಬಿ, ಕಣಕದಲ್ಲಿ ಸುತ್ತಿ ಬೇಯಿಸಬೇಕು. ನಿಕೋಲ ಎಂಬ ಹೆಸರಿನ ಯಾವ ರೂಪ ಇದ್ದರೂ ಸರಿ, ಅಂದು ಅವರ ಹೆಸರಿನ ಹಬ್ಬ. ಕೋಲ್ಯೋ ಕೂಡ ನಿಕೋಲನೇ. ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಕರೆಯದೆ ಎಲ್ಲರೂ ಬರುತ್ತಾರೆ. ಬಾರದಿದ್ದರೆ ಮಾತ್ರ ಅವಮಾನ. ಸಾಲದ್ದಕ್ಕೆ ಅಂದೇ ಕಾಲಿನಾ ವಾರ್ನಾದಿಂದ ರೈಲು ಹತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಮನೆಗೆ ಬರುವವಳು.

ಮಧ್ಯಾಹ್ನದ ಹೊತ್ತಿಗೆ ಮನೆ ಸಮಾಧಿಯಷ್ಟು ತಣ್ಣಗಾಯಿತು. ಮನೆಗಳನ್ನು ಬೆಚ್ಚಗಿಡಲು ಊರಿಗೆಲ್ಲ ಬಿಸಿನೀರು ಹರಿಸುವ ಕೊಳವೆಗಳೂ ಕರೆಂಟಿನ ಪಂಪಿನವೇ. ಅಕ್ವೇರಿಯಮ್ಮಿನ ಹೀಟರು ಸತ್ತಿತ್ತು, ನೀರು ನಿಂತಿತ್ತು. ಪಾಶಾ ತಳದಲ್ಲಿ ಒಂದು ಪಕ್ಕಕ್ಕೆ ವಾಲಿ, ಬಾಯಿ ತೆರೆಯುತ್ತ ಮುಚ್ಚುತ್ತ, ಕೋಲ್ಯೋನನ್ನೇ ನೋಡುತ್ತಿತ್ತು. ಆ ನೋಟದಲ್ಲಿ ನವೆಂಬರಿನ ಭಾಷಣ ಪೂರ್ತಿ ಇತ್ತು.

"ಬ್ಯಾಟರಿ ಪಂಪ್ ಇದೆ ಅಂತ ಜಂಬ ಕೊಚ್ಕೊಂಡಿದ್ಯಲ್ಲ, ಎಲ್ಲಿ?" ಎಂದಳು ಗೆರ್ಗಾನಾ.

ಪಂಪು ಇತ್ತು. ದಪ್ಪ ಬ್ಯಾಟರಿಗಳಿರಲಿಲ್ಲ. ಅವುಗಳನ್ನು ಹೋದ ತಿಂಗಳು ಸ್ತಾಮೆನೋವ್ ತನ್ನ ಟಾರ್ಚಿಗೆಂದು ಎರವಲು ಒಯ್ದಿದ್ದ.

ಉಳಿದ ದಾರಿ ಒಂದೇ. ಕೋಲ್ಯೋ ಮಂಚದ ಮೇಲಿದ್ದ ಉಣ್ಣೆ ಕಂಬಳಿಯನ್ನು ತಂದು ಗಾಜಿನ ತೊಟ್ಟಿಗೆ ಸುತ್ತಿದ. ಸ್ಟೂಲಿನ ಮೇಲೆ ನಿಂತು, ಸೂಪಿನ ಸೌಟಿನಿಂದ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದ. ಹೀಗೆ ಸುರಿದರೆ ನೀರಿಗೆ ಗಾಳಿ ಬೆರೆಯುತ್ತದೆ. ಮೊಗೆಯುವುದು, ಸುರಿಯುವುದು. ಹೊಳೆಯ ನೀರನ್ನು ಹೊಳೆಗೇ ಹಾಕಿದಂಥ ಕೆಲಸ. ಆದರೆ ನಿಲ್ಲಿಸಿದರೆ ಪಾಶಾನ ಕಿವಿರೂ ನಿಲ್ಲುವ ಹಾಗೆ ಕಾಣುತ್ತಿತ್ತು.

ಸರಿಯಾಗಿ ಆಗಲೇ ಅತ್ತೆ ಪೆಂಕಾ ಬಂದಳು. ಲಿಫ್ಟ್ ಇಲ್ಲದ್ದರಿಂದ ಐದು ಮಹಡಿ ಹತ್ತಿ, ಹೆಗಲ ಮೇಲೆ ಒದ್ದೆ ಗೋಣಿಚೀಲ ಹೊತ್ತು, ಕುಲುಮೆಯ ತಿದಿಯಂತೆ ಏದುತ್ತ ಒಳಗೆ ಕಾಲಿಟ್ಟಳು. ಚೀಲ ತನ್ನಷ್ಟಕ್ಕೆ ತಾನೇ ಒದ್ದಾಡುತ್ತಿತ್ತು.

"ಹೆಸರು ಬಾಳಲಿ, ಗಟ್ಟಿಯಾಗಿರಲಿ, ಅಳಿಯಂದ್ರೇ!" ಎಂದು ಹರಸಿದ ಬಾಯಿ ಹಾಗೇ ತೆರೆದುಕೊಂಡಿತು. "ಅಯ್ಯೋ ನನ್ನ ದೇವರೇ! ನನ್ನ ಮಗಳ ಮದುವೆಗೆ ನಾನು ಕೈಯಾರೆ ನೇಯ್ದು ಕೊಟ್ಟ ಕಂಬಳಿ! ಮೀನಿಗೆ ಹೊದಿಸಿದ್ದೀಯೇನೋ?"

"ಅದಕ್ಕೆ ಚಳಿ ಆಗ್ತಿದೆ ಅತ್ತೆ."

"ನನಗೆ ಹೋದ ವರ್ಷ ನ್ಯುಮೋನಿಯಾ ಆಗಿತ್ತಲ್ಲ, ಆಗ ಯಾರು ಕಂಬಳಿ ಹೊದಿಸಿದ್ರು?"

ಕೋಲ್ಯೋ ಇನ್ನಷ್ಟು ಜೋರಾಗಿ ನೀರು ಸುರಿದ. ಅತ್ತೆ ಗೋಣಿಚೀಲದಿಂದ ದೊಡ್ಡದೊಂದು ಜೀವಂತ ಗೆಂಡೆಯನ್ನು ತೆಗೆದು ಸ್ನಾನದ ತೊಟ್ಟಿಗೆ ಬಿಟ್ಟಳು. ಊರಿನ ಕೆರೆಯ ಮೀನು. ಕೊರೆಯುವ ನೀರಿನಲ್ಲಿ ಅದು ಬೀಗರ ಮನೆಗೆ ಬಂದಷ್ಟು ಹಾಯಾಗಿ ಈಜಾಡಿತು. ಒಂದೇ ಮನೆಯಲ್ಲಿ ಎರಡು ಮೀನು. ಸಾಯಬೇಕಾದದ್ದು ಗಟ್ಟಿಮುಟ್ಟಾಗಿದೆ, ಬದುಕಬೇಕಾದದ್ದು ಬಾಯಿ ಬಿಡುತ್ತಿದೆ. ಲೋಕದ ನ್ಯಾಯವೇ ಹೀಗೆ ಎಂದು ಕೋಲ್ಯೋ ಸೌಟಿಗೆ ಹೇಳಿದ.

ಆಮೇಲೆ ಬಂದವನು ಸ್ತಾಮೆನೋವ್. ಒಂದು ಕೈಯಲ್ಲಿ ರಕಿಯಾ ಎಂಬ ಹಣ್ಣಿನ ಸಾರಾಯಿಯ ಬಾಟಲಿ, ಇನ್ನೊಂದರಲ್ಲಿ ಕೋಲ್ಯೋನ ಬ್ಯಾಟರಿಗಳಿಂದ ಉರಿಯುವ ಟಾರ್ಚು, ಕೊರಳಲ್ಲಿ ಸೀಟಿ.

"ಹೆಸರು ಬಾಳಲಿ! ಕಟ್ಟಡದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ್ದೀನಿ. ಮೆಟ್ಟಿಲಲ್ಲಿ ಹತ್ತೋರು ಬಲಗಡೆ, ಇಳಿಯೋರು ಎಡಗಡೆ."

"ಸ್ತಾಮೆನೋವ್, ನನ್ನ ಬ್ಯಾಟರಿ ಕೊಡಿ. ಮೀನು ಸಾಯ್ತಿದೆ."

"ಕೋಲ್ಯೋ ಅವರೇ, ಈ ಟಾರ್ಚು ಈಗ ಸಾರ್ವಜನಿಕ ಸುರಕ್ಷತೆಗೆ ಸೇರಿದ್ದು. ಒಂದು ಮೀನಿಗಾಗಿ ನಲವತ್ತು ಸಂಸಾರಾನ ಕತ್ತಲಲ್ಲಿ ಬಿಡಕ್ಕಾಗುತ್ತಾ? ಬರಹದಲ್ಲಿ ಕೇಳಿ, ಪರಿಶೀಲಿಸೋಣ."

ಅವನ ಹಿಂದೆಯೇ ಮೂರನೇ ಮಹಡಿಯವರು ಬಂದರು, ಎರಡನೆಯವರು ಬಂದರು, ಎದುರು ಮನೆಯವರು ತಮ್ಮ ಮನೆಗೆ ಬಂದ ನೆಂಟರನ್ನೂ ಕರೆತಂದರು. ಎಲ್ಲರ ಮನೆಯೂ ಕತ್ತಲು, ಎಲ್ಲರ ಮನೆಯೂ ತಂಪು. ಕೋಲ್ಯೋನ ಮನೆಯಲ್ಲಾದರೆ ಹಬ್ಬ. ಉಪ್ಪಿನಕಾಯಿಯ ಭರಣಿಗಳು ತೆರೆದವು, ಮೇಣದಬತ್ತಿಗಳು ಹೊತ್ತಿದವು. ಬಂದವರೆಲ್ಲ ಓವರ್‌ಕೋಟು ಬಿಚ್ಚದೆ ಅಕ್ವೇರಿಯಮ್ಮಿನ ಸುತ್ತ ನಿಂತು ರೋಗಿಯನ್ನು ನೋಡುವವರ ಮುಖ ಹಾಕಿಕೊಂಡರು.

"ಬಣ್ಣ ಕೆಟ್ಟಿದೆ."

"ನಮ್ಮ ಮಾವನೂ ಕೊನೆಗೆ ಹೀಗೇ ಬಾಯಿ ಆಡಿಸ್ತಿದ್ರು."

"ಒಂದು ತೊಟ್ಟು ರಕಿಯಾ ಹಾಕಿ ನೋಡೋದಲ್ವಾ? ಮೈ ಬೆಚ್ಚಗಾಗುತ್ತೆ."

ಬಾಯಿ ಏನೇ ಆಡಿದರೂ ಜನರ ಕೈ ಒಳ್ಳೆಯವಾಗಿದ್ದವು. ಕೋಲ್ಯೋನ ತೋಳು ಸೋತದ್ದು ಕಂಡು ಮೂರನೇ ಮಹಡಿಯ ದಂತವೈದ್ಯ ಸೌಟು ಕಸಿದುಕೊಂಡ. ಅವನಿಂದ ಎದುರು ಮನೆಯ ನೆಂಟ, ನೆಂಟನಿಂದ ನೆಂಟನ ಹೆಂಡತಿ. ಸೌಟು ಸರದಿಯಲ್ಲಿ ನಡೆಯಿತು. ಇದುವರೆಗೆ ಮೆಟ್ಟಿಲಲ್ಲಿ ಸಿಕ್ಕರೆ ಗಡ್ಡ ಕೆರೆದುಕೊಂಡು ಮುಂದೆ ಹೋಗುತ್ತಿದ್ದ ಜನ. ಕೋಲ್ಯೋಗೆ ಏನಾದರೂ ಹೇಳಬೇಕೆನಿಸಿ, "ಕಂಬಳಿ ಒದ್ದೆ ಮಾಡ್ಬೇಡಿ, ಅತ್ತೆದು" ಎಂದ.

ಆದರೆ ಸೌಟು ಗಾಳಿ ಕೊಡಬಹುದೇ ಹೊರತು ಶಾಖ ಕೊಡಲಾರದು. ನೀರು ಇನ್ನೂ ತಣ್ಣಗಾಗುತ್ತಿತ್ತು. ಗೆರ್ಗಾನಾ ಗಂಡನನ್ನು ಅಡುಗೆಮನೆಗೆ ಎಳೆದಳು.

"ಈ ಕಟ್ಟಡದಲ್ಲಿ ಬೆಂಕಿ ಇರೋದು ಒಂದೇ ಕಡೆ. ನಿನಗೂ ಗೊತ್ತು, ನನಗೂ ಗೊತ್ತು."

"ಯಾವ ಮುಖ ಇಟ್ಕೊಂಡು ಹೋಗ್ಲಿ ಗೆರ್ಗಾನಾ?"

"ಎರಡು ಕೈ ಎತ್ತಿದಾಗ ಇತ್ತಲ್ಲ, ಅದೇ ಮುಖ."

ಕೋಲ್ಯೋ ಶೂರನಲ್ಲ. ಅಂಥವರು ಮಾಡುವುದನ್ನೇ ಮಾಡಿದ, ಅತ್ತೆಯನ್ನು ರಾಯಭಾರಕ್ಕೆ ಕಳಿಸಿದ. ಅವಳಿಗೆ ಸಭೆಯ ವಿಷಯ ಗೊತ್ತಿರಲಿಲ್ಲ. "ಅತ್ತೆ, ಏಳನೇ ಮಹಡೀಲಿ ಒಂದು ಅಜ್ಜಿ ಇದ್ದಾರೆ, ಒಲೆ ಉರೀತಿದೆ. ಮೀನಿಗೆ ಸ್ವಲ್ಪ ಜಾಗ ಕೊಡ್ತಾರಾ ಅಂತ ಕೇಳಿ ಬನ್ನಿ. ನನ್ನ ಹೆಸರು ಮಾತ್ರ ಹೇಳ್ಬೇಡಿ."

ಪೆಂಕಾ ಹತ್ತಿ ಹೋದಳು, ಇಳಿದು ಬಂದಳು. ಮುಖ ಅರಳಿತ್ತು, ಕೆನ್ನೆ ಕೆಂಪಾಗಿತ್ತು. "ಬಂಗಾರದಂಥ ಹೆಂಗಸು! ಒಲೆ ಕಾದಿದೆ, ಈಗಲೇ ಮೀನು ತನ್ನಿ ಅಂದ್ಲು" ಎಂದು ಹೇಳಿ, ಉಸಿರು ಹಿಡಿದುಕೊಳ್ಳಲು ಕುರ್ಚಿಗೆ ಒರಗಿದವಳು ಅಲ್ಲೇ ತೂಕಡಿಸಿದಳು.

ನಿಕೋಲನ ಹಬ್ಬದ ದಿನ ಹಳ್ಳಿಯ ಹೆಂಗಸೊಬ್ಬಳು ಒಲೆಯ ಮುಂದೆ ನಿಂತು ಮೀನಿನ ಮಾತೆತ್ತಿದರೆ, ಯಾವ ಮೀನು ಎಂದು ಈ ನಾಡಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕೆಂದು ಕೋಲ್ಯೋಗೂ ಹೊಳೆಯಲಿಲ್ಲ. ಅವನು ಸಂಭ್ರಮದಿಂದ ದೊಡ್ಡ ಎನಾಮಲ್ ಪಾತ್ರೆಗೆ ಅಕ್ವೇರಿಯಮ್ಮಿನದೇ ನೀರು ತುಂಬಿ, ಪಾಶಾನನ್ನು ಎರಡು ಕೈಯಲ್ಲಿ ಕೂಸಿನಂತೆ ಎತ್ತಿ ಅದರೊಳಗೆ ಇಳಿಸಿ, ಮುಚ್ಚಳ ಹಾಕಿ, ಟವೆಲ್ ಸುತ್ತಿ, ಕತ್ತಲ ಮೆಟ್ಟಿಲು ಹತ್ತಿದ. ಬಲಗಡೆಯಿಂದ.

ಏಳನೇ ಮಹಡಿಯ ಬಾಗಿಲು ತೆರೆಯಿತು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಹಿಟ್ಟು ಮೆತ್ತಿದ ಕೈಗಳ ಒಲೆಯಜ್ಜಿ ನಿಂತಿದ್ದಳು. ಕೋಲ್ಯೋ ಅವಳ ಚಪ್ಪಲಿಗಳನ್ನೇ ನೋಡುತ್ತ ಪಾತ್ರೆ ಮುಂದೆ ಚಾಚಿದ.

"ಇದನ್ನ ನಿಮ್ಮ ಕೈಗೆ ಒಪ್ಪಿಸ್ತಿದ್ದೀನಿ ಅಜ್ಜಿ."

"ತಾ. ಭಾರ ಇದೆ. ಎಷ್ಟೊತ್ತಿಗೆ ಬೇಕು?"

"ಮಗಳು ವಾರ್ನಾದಿಂದ ಬರ್ತಿದ್ದಾಳೆ. ಅವಳು ಬರೋ ಹೊತ್ತಿಗೆ."

"ಆಯ್ತು, ನನಗೆ ಬಿಡು."

ಆಡಬೇಕಾದ ಮಾತು ಕೋಲ್ಯೋನ ನಾಲಿಗೆಯ ತುದಿಗೆ ಬಂತು. ಸಭೆ, ಕೈ, ಒಲೆ, ಹೊಗೆ, ಕ್ಷಮೆ ಎಲ್ಲವೂ ಒಟ್ಟಿಗೆ ಬಂದದ್ದರಿಂದ ಬಾಗಿಲಲ್ಲೇ ಸಿಕ್ಕಿಕೊಂಡವು. "ತುಂಬಾ... ಬೆಚ್ಚಗಿದೆ" ಎಂದಷ್ಟೇ ಹೇಳಿ ಇಳಿದು ಓಡಿದ. ಎಡಗಡೆಯಿಂದ.

ಮನೆಗೆ ಬಂದವನೇ ಎರಡು ಲೋಟ ರಕಿಯಾ ಕುಡಿದು, ಸ್ತಾಮೆನೋವ್‌ನ ಬೆನ್ನು ತಟ್ಟಿ, ದಂತವೈದ್ಯನ ಜೊತೆ ಹಾಡಿಗೂ ದನಿ ಸೇರಿಸಿದ. ಅಷ್ಟರಲ್ಲಿ ಅತ್ತೆ ಬೆಚ್ಚಿ ಎದ್ದು ಕೂತಳು.

"ಅಯ್ಯೋ, ನಿದ್ದೆ ಹತ್ತಿಬಿಡ್ತಲ್ಲ! ಗೆಂಡೆ ತೆಗೀರಿ, ಮೇಲೆ ಕೊಟ್ಟು ಬರ್ತೀನಿ. ಪಾಪ, ಆಯಮ್ಮ ಕಣಕ ನಾದಿಟ್ಕೊಂಡು, ಚಾಕು ಮಸೆದು ಕಾಯ್ತಿದ್ದಾಳೆ."

ಕೋಲ್ಯೋನ ಕೈಯಲ್ಲಿದ್ದ ಲೋಟ ಅರ್ಧ ದಾರಿಯಲ್ಲಿ ನಿಂತಿತು.

"ಯಾರು ಚಾಕು ಮಸೆದಿದ್ದು?"

"ಮೇಲಿನ ಅಜ್ಜಿ ಕಣಯ್ಯಾ. ಗೆಂಡೆ ಸೀಳಕ್ಕೆ."

"ನಾನು ಕೇಳಿ ಬನ್ನಿ ಅಂದಿದ್ದು ಪಾಶಾಗೆ ಜಾಗ!"

"ಪಾಶಾಗಾ? ಹಬ್ಬದ ದಿನ ಯಾರಾದ್ರೂ ಮೀನನ್ನ ಒಲೆ ಹತ್ರ ಆರೈಕೆಗೆ ಕಳಿಸ್ತಾರೇನೋ? ನನಗೇನು ತಲೆ ಕೆಟ್ಟಿದೆಯಾ?"

ಸ್ನಾನದಮನೆಯಲ್ಲಿ ಗೆಂಡೆ ಬಾಲ ಬಡಿಯಿತು. ಚಪ್ಪಾಳೆಯಂತೆಯೇ ಕೇಳಿಸಿತು.

ಕೋಲ್ಯೋ ಹಾರಿ ಎದ್ದ. ಬಾಗಿಲಲ್ಲಿ ಸ್ತಾಮೆನೋವ್ ಟಾರ್ಚು ಹಿಡಿದು ಅಡ್ಡ ನಿಂತ. "ನಿಧಾನ! ಓಡೋ ಹಾಗಿಲ್ಲ. ಮೊದಲು ಕಾರಣ ಹೇಳಿ." ಕೋಲ್ಯೋ ಕಾರಣ ಹೇಳಲಿಲ್ಲ, ಕಂಕುಳಡಿಯಲ್ಲಿ ನುಸುಳಿದ. ಕಾರಣವನ್ನು ಗೆರ್ಗಾನಾ ಹೇಳಿದಳು. ಕೇಳಿದವರೆಲ್ಲ ಲೋಟ ಹಿಡಿದುಕೊಂಡೇ ಹಿಂದೆ ಹೊರಟರು. ಕತ್ತಲ ಮೆಟ್ಟಿಲಲ್ಲಿ ಬಲವೂ ಇಲ್ಲ ಎಡವೂ ಇಲ್ಲ, ಕಟ್ಟಡದ ಇತಿಹಾಸದಲ್ಲೇ ಕಾಣದ ಮೆರವಣಿಗೆ. ಸ್ತಾಮೆನೋವ್ ಸೀಟಿ ಊದುತ್ತ ಎಲ್ಲರ ಹಿಂದೆ ಬಂದ.

ಆರನೇ ಮಹಡಿ ದಾಟುತ್ತಿದ್ದಂತೆ ವಾಸನೆ ಬಂತು. ಹುರಿದ ಈರುಳ್ಳಿ, ಅಕ್ರೋಟು, ಬೆಣ್ಣೆ ಹಚ್ಚಿದ ಕಣಕ.

ಕೋಲ್ಯೋ ಮೆಟ್ಟಿಲ ಮೇಲೆ ಕೂತುಬಿಟ್ಟ. ದಂತವೈದ್ಯ ಟೋಪಿ ತೆಗೆದ. ಎದುರು ಮನೆಯವರ ನೆಂಟನ ಹೆಂಡತಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, "ಒಳ್ಳೆ ಮೀನಾಗಿತ್ತು, ಪರಿಚಯ ಆಗಿ ಒಂದು ಗಂಟೆ ಆಗಿರಲಿಲ್ಲ" ಎಂದು ಕಣ್ಣೊರೆಸಿಕೊಂಡಳು.

"ವಾಸನೆ ಮಾತ್ರ ಚೆನ್ನಾಗಿದೆ" ಎಂದ ಯಾರೋ ಮಹಾನುಭಾವ. ಅವನನ್ನು ನಾಲ್ಕಾರು ಜನ ಗದರಿಸಿದರು.

"ಮಗಳಿಗೆ ಏನು ಹೇಳ್ಲಿ?" ಎಂದ ಕೋಲ್ಯೋ. "ಕಪ್ಪು ಸಮುದ್ರದ ಕತೆ ಈಗ ನಡಿಯಲ್ಲ. ಅವಳು ಅಲ್ಲಿಂದಲೇ ಬರ್ತಿದ್ದಾಳೆ."

ಗೆರ್ಗಾನಾ ಅವನನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಬಾಗಿಲು ಬಡಿಯಬೇಕಾಗಿರಲಿಲ್ಲ, ತೆರೆದೇ ಇತ್ತು.

ಒಲೆ ಕೆಂಪಗೆ ಉರಿಯುತ್ತಿತ್ತು. ಪಕ್ಕದಲ್ಲಿ, ಬಿಸಿ ತಾಗುವಷ್ಟು ಹತ್ತಿರ, ಸುಡದಷ್ಟು ದೂರ, ಒಂದು ಸ್ಟೂಲು. ಸ್ಟೂಲಿನ ಮೇಲೆ ಎನಾಮಲ್ ಪಾತ್ರೆ. ಪಾತ್ರೆಯ ಅಂಚಿನಲ್ಲಿ ದಪ್ಪ ತುಟಿಗಳೆರಡು ಮೇಲೆದ್ದು ಒಲೆಯಜ್ಜಿಯ ಬೆರಳಿನಿಂದ ಕಣಕದ ಉಂಡೆಯನ್ನು ಇಸಿದುಕೊಳ್ಳುತ್ತಿದ್ದವು. ಅಜ್ಜಿಯ ಇನ್ನೊಂದು ಕೈಯಲ್ಲಿ ಚಾಕು ಇತ್ತು. ಅದರಿಂದ ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

"ಬಾಗಿಲು ಹಾಕಿ, ಚಳಿ ಬರುತ್ತೆ" ಎಂದಳು ತಲೆಯೆತ್ತದೆ.

"ಅಜ್ಜಿ! ನೀವು... ಕೊಯ್ಲಿಲ್ವಾ?"

"ಕೊಯ್ಯೋಣ ಅಂತಲೇ ಮುಚ್ಚಳ ತೆಗೆದೆ. ಕೈಗೆ ಕಣಕ ಅಂಟಿತ್ತು. ಇವನು ಮೂತಿ ಎತ್ತಿ ಒಂದು ಚೂರು ಕಿತ್ಕೊಂಡ. ಆಮೇಲೆ ಇನ್ನೊಂದು ಬೇಕು ಅಂತ ನನ್ನ ಮುಖ ನೋಡ್ದ." ಅವಳು ಚಾಕುವನ್ನು ಹಲಗೆಯ ಮೇಲಿಟ್ಟಳು. "ನನ್ನ ಕೈಯ ರೊಟ್ಟಿ ತಿಂದೋನು ನನ್ನ ಅತಿಥಿ. ಅತಿಥೀನ ಒಲೆಗೆ ಹಾಕೋದು ನಮ್ಮನೇಲಿ ಇಲ್ಲ. ನಿಮ್ಮ ಸಭೇಲಿ ಏನು ಪದ್ಧತಿಯೋ ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದವರೆಲ್ಲ ಒಮ್ಮೆಲೇ ತಮ್ಮ ತಮ್ಮ ಬೂಟುಗಳನ್ನು ಪರೀಕ್ಷಿಸಿಕೊಂಡರು.

"ಹಾಗಾದ್ರೆ ಈ ವಾಸನೆ?" ಎಂದು ಕೇಳಿದಳು ಪೆಂಕಾ. ಅಡುಗೆಯ ವಿಷಯದಲ್ಲಿ ಅವಳಿಗೆ ದಾಕ್ಷಿಣ್ಯವಿಲ್ಲ.

"ಒಳಗೆ ಹಾಕೋ ಹೂರಣ, ಮೇಲಿನ ರೊಟ್ಟಿ. ಮೀನು ಸಿಗಲಿಲ್ಲ, ಏನು ಮಾಡೋದು? ಪ್ರತಿ ವರ್ಷ ಮಾಡ್ತೀನಿ. ಇವತ್ತು ನನ್ನ ಹೆಸರಿನ ಹಬ್ಬ."

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ತಟ್ಟೆಗಳು ಜೋಡಿಸಿದ್ದವು. ಬಂದವರಿಗೆಲ್ಲ ಸಾಲುವಷ್ಟಲ್ಲ, ಆದರೆ ಒಬ್ಬಳಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು.

"ನಿಮ್ಮ ಹೆಸರು...?" ಎಂದ ಸ್ತಾಮೆನೋವ್, ಕಟ್ಟಡದ ಪ್ರತಿ ಬಲ್ಬಿನ ಹುಟ್ಟಿದ ದಿನ ಬಲ್ಲವನು.

"ನಿಕೋಲಿನಾ. ಸಭೇಲಿ ಒಲೆ ಹೆಸರು ಒಂಬತ್ತು ಸಲ ತಗೊಂಡ್ರಿ. ನನ್ನದು ಒಂದು ಸಲವೂ ಬರಲಿಲ್ಲ."

ಕೋಲ್ಯೋ ಮುಂದೆ ಬಂದ. ಒಂದು ತಿಂಗಳಿಂದ ನಾಲಿಗೆಯಡಿಯಲ್ಲಿ ಕೂತಿದ್ದ ಭಾಷಣ ಸಿದ್ಧವಾಗಿಯೇ ಇತ್ತು. ಅದನ್ನು ಅಲ್ಲೇ ಬಿಟ್ಟು ಅವನು ಬಗ್ಗಿ, ಹಿಟ್ಟು ಮೆತ್ತಿದ ಆ ಕೈಗೆ ಮುತ್ತಿಟ್ಟ.

"ಹೆಸರು ಬಾಳಲಿ ನಿಕೋಲಿನಜ್ಜಿ. ಗಟ್ಟಿಯಾಗಿರಲಿ. ನಿಮ್ಮ ಉಪಕಾರ ದೊಡ್ಡದು."

"ನಿನ್ನದೂ ಬಾಳಲಿ, ಕೋಲ್ಯೋ. ಮೀಸೆಗೆ ಹಿಟ್ಟು ಅಂಟಿದೆ, ಒರೆಸ್ಕೋ."

ಅಲ್ಲಿಗೆ ಕಟ್ಟೆ ಒಡೆಯಿತು. "ಹೆಸರು ಬಾಳಲಿ!" ಎಂದು ಒಬ್ಬೊಬ್ಬರೂ ಅಜ್ಜಿಯ ಕೆನ್ನೆಗೆ ಮುತ್ತಿಟ್ಟರು. ಐದನೇ ಮಹಡಿಯ ಹಬ್ಬ ಏಳನೆಯದಕ್ಕೆ ಹತ್ತಿತು. ಭರಣಿಗಳು ಬಂದವು, ಬಾಟಲಿಗಳು ಬಂದವು, ಕುರ್ಚಿಗಳು ತಲೆಯ ಮೇಲೆ ಬಂದವು. ಪೆಂಕಾ ಗೆಂಡೆಯನ್ನು ತಂದಳು. ಅಜ್ಜಿಯೂ ಅವಳೂ ಸೇರಿ ಅದನ್ನು ಸೀಳಿ ತುಂಬುವಾಗ ಕೋಲ್ಯೋ ಪಾಶಾನ ಪಾತ್ರೆಯ ಒಂದು ಬದಿಗೆ ಟವೆಲ್ ಇಳಿಬಿಟ್ಟ. ಕೆಲವು ವಿಷಯಗಳನ್ನು ಮನೆಯವರು ನೋಡಬಾರದು.

ಸ್ತಾಮೆನೋವ್ ಟಾರ್ಚಿನ ಹಿಂಬದಿ ತಿರುಗಿಸಿ, ಬ್ಯಾಟರಿಗಳನ್ನು ಹೊರತೆಗೆದು, ಕೋಲ್ಯೋನ ಅಂಗೈಯಲ್ಲಿಟ್ಟ. "ಪರಿಶೀಲಿಸಿದೆ" ಎಂದ. ಗೆರ್ಗಾನಾ ಕೆಳಗಿನಿಂದ ಪಂಪು ತಂದಳು. ಪಾತ್ರೆಯಲ್ಲಿ ಗುಳ್ಳೆಗಳೆದ್ದವು. ಪಾಶಾ ಒಂದು ಸುತ್ತು ತಿರುಗಿ, ನೆಟ್ಟಗೆ ನಿಂತು, ಗೋಡೆಗೆ ಮುಖ ಮಾಡಿ ಮುನಿಸಿಕೊಂಡಿತು. ಅದಕ್ಕೆ ಸಂಪೂರ್ಣ ಗುಣವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಒಂದು ತಪ್ಪು ಮಾತ್ರ ಉಳಿದಿತ್ತು. ಸಂಭ್ರಮದಲ್ಲಿ ಎಲ್ಲರೂ ಮೇಲೆ ಬಂದಿದ್ದರು. ಕೆಳಗೆ ಮನೆಯಲ್ಲಿ ಒಂದು ಚೀಟಿಯನ್ನೂ ಇಟ್ಟಿರಲಿಲ್ಲ, ಕೋಲ್ಯೋನ ಮೊಬೈಲಿನ ಉಸಿರು ಬೆಳಿಗ್ಗೆಯೇ ನಿಂತಿತ್ತು.

ರೈಲಿಳಿದು, ಹಿಮದಲ್ಲಿ ತೊಯ್ದು, ಕತ್ತಲಲ್ಲಿ ಐದು ಮಹಡಿ ಹತ್ತಿ ಬಂದ ಕಾಲಿನಾ ಕಂಡದ್ದು ಇದು: ಬಾಗಿಲು ಹಾರುಹೊಡೆದಿದೆ. ಒಂದು ನರಪಿಳ್ಳೆಯಿಲ್ಲ. ಅಕ್ವೇರಿಯಮ್ಮಿಗೆ ಅಜ್ಜಿ ಪೆಂಕಾಳ ಕಂಬಳಿ ಹೊದಿಸಿದೆ. ಒಳಗೆ ನೀರಿದೆ, ಮೀನಿಲ್ಲ. ನೆಲದ ಮೇಲೆ ಸೂಪಿನ ಸೌಟು.

ಮೇಲೆ ಹಾಡು ನಡೆಯುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಆ ಕೂಗು ಕೇಳಿಸಿತು.

"ಅಪ್ಪಾ! ಮತ್ತೆ ಕಕ್ಕಸಿಗೆ ಹಾಕಿದ್ಯಾ?"

ಹಾಡು ನಿಂತಿತು. ಕೋಲ್ಯೋ ಬಾಗಿಲಿಗೆ ಓಡಿದ. ಕಾಲಿನಾ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಟೋಪಿಯ ಮೇಲೆ ಹಿಮ, ಕಣ್ಣಲ್ಲಿ ನೀರು, ಕೈಯಲ್ಲಿ ಸೌಟು.

"ಕಪ್ಪು ಸಮುದ್ರಕ್ಕೆ ಹೋಯ್ತು ಅಂತ ಮಾತ್ರ ಹೇಳ್ಬೇಡ. ನಾನು ಅಲ್ಲಿಂದಲೇ ಬರ್ತಿರೋದು. ಅಲ್ಲಿಗೆ ಬಂದಿಲ್ಲ!"

ಈ ದಿನ ಕೋಲ್ಯೋ ಬಾಯಿ ತೆರೆದಾಗಲೆಲ್ಲ ಅನಾಹುತವಾಗಿತ್ತು. ಮಗಳ ಕೈ ಹಿಡಿದು ಒಲೆಯ ಬಳಿಗೆ ಕರೆತಂದು ಟವೆಲ್ ಸರಿಸಿದ. ಗೋಡೆ ನೋಡುತ್ತಿದ್ದ ಪಾಶಾ ಮೆಲ್ಲನೆ ತಿರುಗಿತು. ಕಾಲಿನಾಳನ್ನು ಕಂಡಿತು. ಬಾಲ ಬಡಿದು ಮೂತಿ ಮೇಲೆತ್ತಿತು. ಸುತ್ತ ಕೂತಿದ್ದವರ ಮುಖಕ್ಕೆಲ್ಲ ನೀರು ಹಾರಿತು. ಒಬ್ಬರೂ ಒರೆಸಿಕೊಳ್ಳಲಿಲ್ಲ.

ಕಾಲಿನಾ ಪಾತ್ರೆಯ ಪಕ್ಕದಲ್ಲಿ ನೆಲಕ್ಕೇ ಕೂತಳು. ಹತ್ತೊಂಬತ್ತು ವರ್ಷದವಳು ಆರು ವರ್ಷದವಳಾಗಿ ಕಂಡಳು. ಬೆರಳು ನೀರಿಗಿಳಿಸಿ, "ಅಪ್ಪಾ, ಹೆಸರು ಬಾಳಲಿ" ಎಂದಳು.

ಗೆಂಡೆ ಬೆಂದು ಬಂತು. ಮೊದಲ ತುಂಡು ನಿಕೋಲಿನಜ್ಜಿಗೆ, ಎರಡನೆಯದು ಕೋಲ್ಯೋಗೆ. ಮೀನಿನ ತಲೆಯಲ್ಲಿರುವ ಶಿಲುಬೆಯಾಕಾರದ ಮೂಳೆಯನ್ನು ಅಜ್ಜಿ ನಾಜೂಕಾಗಿ ತೆಗೆದು, ತೊಳೆದು, ರಕ್ಷೆಯಾಗಲೆಂದು ಕಾಲಿನಾಳ ಟೋಪಿಗೆ ಸಿಕ್ಕಿಸಿದಳು. ಆಗ ಸ್ತಾಮೆನೋವ್ ಗಂಟಲು ಸರಿಮಾಡಿಕೊಂಡು ಎದ್ದ. ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಜರಿರುವುದರಿಂದ ಇದು ಶಾಸ್ತ್ರೋಕ್ತ ಸಭೆಯೆಂದೂ, ಈ ಒಲೆ ಇನ್ನು ಮುಂದೆ ಕಟ್ಟಡದ ತುರ್ತು ಸಲಕರಣೆಯೆಂದೂ, ಅದನ್ನು ಮುಟ್ಟುವ ಹಕ್ಕು ಶ್ರೀಮತಿ ನಿಕೋಲಿನಾ ಅವರಿಗೆ ಮಾತ್ರವೆಂದೂ ಮತಕ್ಕೆ ಹಾಕಿದ. ಕೋಲ್ಯೋ ಎರಡೂ ಕೈ ಎತ್ತಿದ.

ಸ್ತಾಮೆನೋವ್ ಅವನನ್ನು ನೋಡಿದ. ಎರಡನ್ನೂ ಎಣಿಸಿದ.

ಅಷ್ಟು ಹೊತ್ತಿಗೆ ಕರೆಂಟು ಬಂತು. ದೀಪಗಳು ಝಗ್ಗೆಂದವು, ಕೆಳಗೆಲ್ಲೋ ಲಿಫ್ಟು ಗೊರಗುಟ್ಟಿತು, ಐದನೇ ಮಹಡಿಯಲ್ಲಿ ಖಾಲಿ ಅಕ್ವೇರಿಯಮ್ಮಿಗೆ ಡಬ್ಬಿ ಕಾಳು ಉದುರಿಸಿತು. ಕಣ್ಣು ಕುಕ್ಕುತ್ತದೆಂದು ಅಜ್ಜಿ ದೀಪ ಆರಿಸಿದಳು. ಯಾರೂ ಏಳಲಿಲ್ಲ.

ಪಾಶಾ ಸತ್ತದ್ದು ಮರುವರ್ಷದ ಬೇಸಿಗೆಯಲ್ಲಿ, ಒಂದು ಭಾನುವಾರ, ಮುಪ್ಪಿನಿಂದ. ಕರೆಂಟಿತ್ತು. ಕಾಲಿನಾ ಮನೆಯಲ್ಲಿದ್ದಳು.